641ಕ್ಕೆ ಸಿಕ್ಕಿಬಿದ್ದ ಸಂಖ್ಯೆ



ರಾಜಮಹಾರಾಜರ ಇತಿಹಾಸವನ್ನು ನಾವು ಕೇಳುತ್ತಲೇ ಇರುತ್ತೇವೆ. ಸಂಖ್ಯೆಗಳಿಗೂ ಇತಿಹಾಸವಿದೆ. ಈ ದಿನ ಅಂಥದೊಂದು ಸಂಖ್ಯೆಯ ಕಥೆ ಹೇಳುತ್ತೇನೆ. ಕಾಗದ, ಪೆನ್ಸಿಲು ಹತ್ತಿರವಿರಲಿ.

2ನ್ನು 2ರಿಂದಲೇ ಗುಣಿಸಿದರೆ 4. 4ನ್ನು 4ರಿಂದ ಗುಣಿಸಿದರೆ 16. ಹೀಗೆಯೇ 256, ಆಮೇಲೆ 65,536. ಮೊದಲಿನ 2 ಸೇರಿ ಈ ಐದಕ್ಕೂ ಒಂದೊಂದು ಕೂಡಿಸಿ. 3, 5, 17, 257, 65,537 ಬರುತ್ತವೆ. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ.

ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ಪಿಯರ್ ದ ಫರ್ಮಾ ಬಿಡುವಿನ ವೇಳೆಯಲ್ಲಿ ಗಣಿತ ಮಾಡುತ್ತಿದ್ದರು. ಈ ಸಾಲು ಎಷ್ಟು ಮುಂದೆ ಹೋದರೂ ಅವಿಭಾಜ್ಯಗಳೇ ಬರುತ್ತವೆಂದು ಅವರು 1640ರಲ್ಲಿ ಪತ್ರ ಬರೆದರು. ಅದನ್ನು ಸಾಧಿಸಿ ತೋರಿಸಲು ತಮ್ಮಿಂದ ಆಗಿಲ್ಲವೆಂದೂ ಹೇಳಿಕೊಂಡರು. ಸಾಲಿನ ಆರನೆಯ ಸಂಖ್ಯೆ 4,29,49,67,297. ಬಾಯಲ್ಲಿ ಹೇಳುವುದಾದರೆ 429 ಕೋಟಿ, 49 ಲಕ್ಷ, 67 ಸಾವಿರದ 297. ಇಷ್ಟು ದೊಡ್ಡದನ್ನು ಭಾಗಿಸಿ ನೋಡುವವರು ಯಾರು? ಫರ್ಮಾ 1665ರಲ್ಲಿ ತೀರಿಕೊಂಡರು. ಮಾತು ಹಾಗೆಯೇ ಉಳಿಯಿತು.

1729ರಲ್ಲಿ ಗೋಲ್ಡ್‌ಬಾಕ್ ಎಂಬ ವಿದ್ವಾಂಸರು ಈ ಮಾತನ್ನು ಲಿಯೊನಾರ್ಡ್ ಆಯ್ಲರ್ ಎಂಬ ತರುಣನಿಗೆ ಪತ್ರದಲ್ಲಿ ತಿಳಿಸಿದರು. ಆಯ್ಲರ್ ಆಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. 1732ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ, ಆರನೆಯ ಸಂಖ್ಯೆ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ತೋರಿಸಿಬಿಟ್ಟ.

641 ಸಿಕ್ಕಿದ್ದು ಹೇಗೆ? ಒಂದೊಂದಾಗಿ ಹುಡುಕಿದರೆ ಆರು ಸಾವಿರಕ್ಕೂ ಮಿಕ್ಕಿ ಅವಿಭಾಜ್ಯಗಳನ್ನು ನೋಡಬೇಕಾದೀತು. ಆಯ್ಲರ್ ಮುಂದೆ ತಾನೇ ದಾರಿಯನ್ನು ಬರೆದಿಟ್ಟ. ಈ ಸಂಖ್ಯೆಯನ್ನು ಯಾವುದೇ ಅವಿಭಾಜ್ಯ ಭಾಗಿಸುವುದಾದರೆ ಅದು 64ರ ಮಗ್ಗಿಗಿಂತ ಒಂದು ಹೆಚ್ಚಿನದಾಗಿರಲೇಬೇಕು: 65, 129, 193, ಹೀಗೆ. ಇವುಗಳಲ್ಲಿ ಅವಿಭಾಜ್ಯಗಳನ್ನಷ್ಟೇ ಆರಿಸಿದರೆ 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು!

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ತಾಳೆ ನೋಡದೆ ಸಮಾಧಾನವಿಲ್ಲ. ನೀವೂ ನೋಡಿ. ಭಾಗಲಬ್ಧ 67,00,417. ಅದನ್ನು 600ರಿಂದ ಗುಣಿಸಿದರೆ 4,02,02,50,200. 40ರಿಂದ ಗುಣಿಸಿದರೆ 26,80,16,680. 1ರಿಂದ ಅದೇ 67,00,417. ಮೂರನ್ನೂ ಕೂಡಿಸಿ. ಒಂದು ಪೈಸೆಯೂ ಹೆಚ್ಚುಕಡಿಮೆ ಬರುವುದಿಲ್ಲ.

ಆ ಸಾಲಿನಲ್ಲಿ ಆರನೆಯ ಅವಿಭಾಜ್ಯವೊಂದು ಕಂಪ್ಯೂಟರುಗಳ ಈ ಕಾಲದಲ್ಲೂ ಯಾರಿಗೂ ಸಿಕ್ಕಿಲ್ಲ.

ಫರ್ಮಾ ಮಹಾಮೇಧಾವಿ, ಸಂದೇಹವಿಲ್ಲ. ಆದರೂ ಐದು ಸಲ ನಿಜವಾದದ್ದು ಆರನೆಯ ಸಲವೂ ನಿಜವಾಗಲೇಬೇಕೆಂದಿಲ್ಲ. ದೊಡ್ಡವರು ಹೇಳಿದರೆಂದು ಲೆಕ್ಕ ಬದಲಾಗುವುದೂ ಇಲ್ಲ. ನಮ್ಮ ಗಡಿಯ ಮಕ್ಕಳು ಮಗ್ಗಿಯನ್ನು ಮನೆಯಲ್ಲಿ ಒಂದು ಭಾಷೆಯಲ್ಲಿ, ಶಾಲೆಯಲ್ಲಿ ಇನ್ನೊಂದರಲ್ಲಿ ಹೇಳಿದರೂ ಉತ್ತರ ಒಂದೇ. ಈ ರಾತ್ರಿ ಅವರ ಕೈಗೆ ಈ ಗುಣಾಕಾರ ಕೊಟ್ಟು ನೋಡಿ.