ಅಲ್ಬಾರಿನ್ಯೊ

ಅಲ್ಬಾರಿನ್ಯೊ ಎಂಬುದು ಸ್ಪೇನ್ ದೇಶದ ವಾಯವ್ಯದಲ್ಲಿರುವ ಗಲಿಸಿಯಾ ಪ್ರಾಂತದಲ್ಲಿಯೂ ಅದಕ್ಕೆ ಹೊಂದಿಕೊಂಡಿರುವ ಉತ್ತರ ಪೋರ್ಚುಗಲ್‌ನಲ್ಲಿಯೂ ಬೆಳೆಯುವ ಬಿಳಿ ದ್ರಾಕ್ಷಿಯ ತಳಿ. ಇದು ಮುಖ್ಯವಾಗಿ ವೈನ್ ತಯಾರಿಕೆಗೆ ಬಳಕೆಯಾಗುತ್ತದೆ. ಎರಡು ದೇಶಗಳ ನಡುವೆ ಗಡಿಯಾಗಿ ಹರಿಯುವ ಮಿನ್ಯೊ ನದಿಯ ಇಕ್ಕೆಲದಲ್ಲಿಯೂ ಈ ಬಳ್ಳಿಯಿದೆ. ಪೋರ್ಚುಗೀಸರು ಇದನ್ನು ಅಲ್ವಾರಿನ್ಯೊ ಎನ್ನುತ್ತಾರೆ.

ನೆಲ ಮತ್ತು ಬೇಸಾಯ

ಈ ತಳಿಯ ಮುಖ್ಯ ನೆಲೆ ಅಟ್ಲಾಂಟಿಕ್ ಸಾಗರತೀರದ ರಿಯಸ್ ಬೈಶಾಸ್. ನದೀಕಣಿವೆಗಳೊಳಗೆ ಕಡಲು ನುಗ್ಗಿ ಉಂಟಾದ ಹಿನ್ನೀರುಗಳಿಗೆ ಅಲ್ಲಿ 'ರಿಯಾ' ಎಂದು ಹೆಸರು. ದ್ರಾಕ್ಷಿಗೆ ಒಣಹವೆಯೇ ಹಿತ. ಇಲ್ಲಿಯಾದರೋ ಮಳೆ ಹೆಚ್ಚು, ಗಾಳಿಯಲ್ಲಿ ಸದಾ ತೇವ, ಬೂಜುರೋಗದ ಭಯ ತಪ್ಪಿದ್ದಲ್ಲ. ಹೀಗಾಗಿ ರೈತರು ಗ್ರಾನೈಟ್ ಕಲ್ಲುಕಂಬಗಳನ್ನು ನೆಟ್ಟು, ಆಳೆತ್ತರಕ್ಕೂ ಮೇಲೆ ಚಪ್ಪರ ಕಟ್ಟಿ ಬಳ್ಳಿಯನ್ನು ಹಬ್ಬಿಸುತ್ತಾರೆ. ಗೊಂಚಲುಗಳು ನೆಲದ ತೇವದಿಂದ ದೂರ ಉಳಿಯುತ್ತವೆ. ಕೆಳಗಿನಿಂದ ಕಡಲಗಾಳಿ ಆಡುತ್ತದೆ. ಗ್ರಾನೈಟ್ ಸವೆದು ಉಂಟಾದ ಮರಳುಮಣ್ಣಿನಲ್ಲಿ ನೀರು ನಿಲ್ಲದಿರುವುದೂ ಅನುಕೂಲವೇ.

ಲಕ್ಷಣಗಳು

ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಈ ದಪ್ಪ ಸಿಪ್ಪೆಯೇ ತೇವದ ಹವೆಯಲ್ಲಿ ಹಣ್ಣಿಗೆ ರಕ್ಷೆ. ಆದರೆ ರಸದ ಪ್ರಮಾಣ ಕಡಿಮೆ. ವೈನ್ ತಿಳಿಯಾಗಿದ್ದು ಹುಳಿ ಎದ್ದು ಕಾಣುತ್ತದೆ. ಪೀಚ್, ಜರ್ದಾಳು, ನಿಂಬೆಗಳ ಪರಿಮಳವಿರುತ್ತದೆ. ಕುಡಿದವರಲ್ಲಿ ಹಲವರು ಉಪ್ಪಿನ ಛಾಯೆಯನ್ನೂ ಹೇಳುತ್ತಾರೆ. ಮೀನು, ಸಿಗಡಿ, ಚಿಪ್ಪಿನ ಅಡುಗೆಗಳೊಡನೆ ಇದನ್ನು ಸೇವಿಸುವುದು ಅಲ್ಲಿನ ರೂಢಿ. ಸಾಮಾನ್ಯವಾಗಿ ಹೊಸದಿರುವಾಗಲೇ ಕುಡಿಯುವರಾದರೂ ಒಳ್ಳೆಯ ತಯಾರಿಕೆಗಳು ಕೆಲವು ವರ್ಷ ಇಟ್ಟರೂ ಕೆಡವು.

ಮೂಲ

ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಸನ್ಯಾಸಿಗಳು ಈ ಬಳ್ಳಿಯನ್ನು ತಂದರೆಂಬ ಐತಿಹ್ಯವಿದೆ. ಜರ್ಮನಿಯ ರೀಸ್ಲಿಂಗ್ ತಳಿಯೇ ಇದರ ಮೂಲವೆಂಬ ಮಾತೂ ಉಂಟು. ಕಥೆ ಸೊಗಸಾಗಿದೆ, ಆದರೆ ವಂಶವಾಹಿ ಪರೀಕ್ಷೆಗಳು ಅದನ್ನು ಸಮರ್ಥಿಸಿಲ್ಲ. ಈ ನೆಲದ್ದೇ ಹಳೆಯ ತಳಿಯೆಂಬುದು ಇಂದಿನ ಸಾಮಾನ್ಯ ಅಭಿಪ್ರಾಯ.

ಪ್ರಸಾರ

1988ರಲ್ಲಿ ರಿಯಸ್ ಬೈಶಾಸ್‌ಗೆ ಮೂಲಸ್ಥಾನದ ಅಧಿಕೃತ ಮಾನ್ಯತೆ ದೊರೆತ ಮೇಲೆ ತಳಿಯ ಹೆಸರು ಹೊರದೇಶಗಳಿಗೂ ಹರಡಿತು. ಕಂಬಾದೊಸ್ ಪಟ್ಟಣದಲ್ಲಿ 1953ರಿಂದ ಆಗಸ್ಟ್ ತಿಂಗಳಲ್ಲಿ ಇದರ ಉತ್ಸವ ನಡೆಯುತ್ತ ಬಂದಿದೆ.

ಆಸ್ಟ್ರೇಲಿಯದ ಪ್ರಸಂಗ ವಿಚಿತ್ರವಾದುದು. ಸ್ಪೇನಿನಿಂದ ತರಿಸಿದ ಸಸಿಗಳನ್ನು ಅಲ್ಬಾರಿನ್ಯೊ ಎಂದೇ ನಂಬಿ ಅಲ್ಲಿನ ಬೆಳೆಗಾರರು ತೋಟ ಮಾಡಿದರು, ಸೀಸೆಗಳ ಮೇಲೂ ಅದೇ ಹೆಸರು ಅಚ್ಚಾಯಿತು. 2009ರ ವಂಶವಾಹಿ ಪರೀಕ್ಷೆಯಲ್ಲಿ ಅವು ಫ್ರಾನ್ಸಿನ ಜೂರಾ ಪ್ರದೇಶದ ಸವಾನ್ಯಾನ್ ತಳಿಯೆಂದು ತಿಳಿದುಬಂತು. ಕಷ್ಟಪಟ್ಟು ಗ್ರಾಹಕರಿಗೆ ಪರಿಚಯಿಸಿದ ಹೆಸರನ್ನು ಬೆಳೆಗಾರರು ಕೈಬಿಡಬೇಕಾಯಿತು. ಅನೇಕರು ಬಳ್ಳಿಯನ್ನು ಕೀಳದೆ, ವೈನನ್ನು ಸವಾನ್ಯಾನ್ ಎಂದೇ ಮಾರತೊಡಗಿದರು.