ಬಾಂಗ್ಲಾದೇಶದ ಸಾರ್ವಜನಿಕ ಸಂಗ್ರಹಣೆ ಸುಧಾರಣೆ

ಸರ್ಕಾರವು ರಸ್ತೆ, ಸೇತುವೆ, ಔಷಧಿ, ಪಠ್ಯಪುಸ್ತಕಗಳನ್ನು ಟೆಂಡರ್ ಮೂಲಕ ಕೊಳ್ಳುವ ಅಥವಾ ಮಾಡಿಸಿಕೊಳ್ಳುವ ಕ್ರಮವೇ ಸಾರ್ವಜನಿಕ ಸಂಗ್ರಹಣೆ. ವಿಶ್ವಬ್ಯಾಂಕ್‌ನಂಥ ಸಾಲದಾತ ಸಂಸ್ಥೆಗಳು ಬಹುಕಾಲ ತಾವು ಹಣ ಕೊಟ್ಟ ಯೋಜನೆಗಳ ಟೆಂಡರುಗಳನ್ನಷ್ಟೇ ತಮ್ಮ ನಿಯಮಗಳಿಗೆ ಒಳಪಡಿಸುತ್ತಿದ್ದವು. ಯೋಜನೆ ಮುಗಿದೊಡನೆ ಆ ಶಿಸ್ತೂ ಮುಗಿಯುತ್ತಿತ್ತು. ದೇಶದ ಇಡೀ ಖರೀದಿ ವ್ಯವಸ್ಥೆಯನ್ನೇ ಗಟ್ಟಿಗೊಳಿಸಬೇಕೆಂಬ ವಿಚಾರ ಬಲಗೊಂಡ ಮೇಲೆ ನಡೆದ ಪ್ರಯತ್ನಗಳಲ್ಲಿ ಬಾಂಗ್ಲಾದೇಶದ್ದು ದೀರ್ಘವಾದದ್ದು, ಫಲ ಕೊಟ್ಟದ್ದು.

2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಯೋಜನಾ ಸಚಿವಾಲಯದಡಿ ಸಂಗ್ರಹಣೆಗೆಂದೇ ಸಿಪಿಟಿಯು ಎಂಬ ಕೇಂದ್ರ ಘಟಕ ಹುಟ್ಟಿತು. 2003ರಲ್ಲಿ ಎಲ್ಲ ಇಲಾಖೆಗಳಿಗೂ ಅನ್ವಯಿಸುವ ನಿಯಮಾವಳಿ, 2006ರಲ್ಲಿ ಸಾರ್ವಜನಿಕ ಸಂಗ್ರಹಣಾ ಕಾಯ್ದೆ, 2008ರಲ್ಲಿ ಅದರ ನಿಯಮಗಳು ಬಂದವು. ಜೊತೆಗೆ ಮಾದರಿ ಟೆಂಡರ್ ದಾಖಲೆಗಳು ಸಿದ್ಧವಾದವು, ಅಧಿಕಾರಿಗಳಿಗೆ ತರಬೇತಿ ನಡೆಯಿತು. ಕರ್ನಾಟಕ ಈ ಹಾದಿಯನ್ನು ಸ್ವಲ್ಪ ಮೊದಲೇ ಹಿಡಿದಿತ್ತು. ಇಲ್ಲಿನ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ (ಕೆಟಿಪಿಪಿ) ಕಾಯ್ದೆ 1999ರದು. ಟೆಂಡರ್ ಕರೆಯದೆ ಕೆಲಸ ಕೊಡಲು ಬಳಕೆಯಾಗುವ ‘4(ಜಿ) ವಿನಾಯಿತಿ’ ಇದೇ ಕಾಯ್ದೆಯದು.

ಬಾಂಗ್ಲಾದೇಶದಲ್ಲಿ ಕಾನೂನು ಬಂದರೂ ಟೆಂಡರ್ ಪೆಟ್ಟಿಗೆ ಇದ್ದದ್ದು ಕಚೇರಿಯ ಬಾಗಿಲಲ್ಲೇ. ಬಲಿಷ್ಠ ಗುತ್ತಿಗೆದಾರರ ಕಡೆಯವರು ಗುಂಪುಗಟ್ಟಿ ನಿಂತು, ಬೇರೆಯವರು ಲಕೋಟೆ ಹಾಕದಂತೆ ತಡೆಯುತ್ತಿದ್ದರು, ಕೆಲವೊಮ್ಮೆ ಕಾಗದಪತ್ರ ಕಿತ್ತುಕೊಳ್ಳುತ್ತಿದ್ದರು. ಬಂಗಾಳಿಯಲ್ಲಿ ಇದು ‘ಟೆಂಡರ್‌ಬಾಜಿ’. 2011ರ ಜೂನ್ 2ರಂದು ಆರಂಭವಾದ ಇ-ಜಿಪಿ ಎಂಬ ಆನ್‌ಲೈನ್ ಟೆಂಡರ್ ಜಾಲತಾಣ ಈ ಬಾಗಿಲನ್ನೇ ಇಲ್ಲವಾಗಿಸಿತು. ಟೆಂಡರ್ ಪ್ರಕಟಣೆ ಎಲ್ಲರಿಗೂ ಕಾಣುತ್ತದೆ, ಠೇವಣಿಯನ್ನು ಬ್ಯಾಂಕ್ ಮೂಲಕ ಕಟ್ಟಬಹುದು, ಬಿಡ್ ಅನ್ನು ಊರಲ್ಲೇ ಕೂತು ಸಲ್ಲಿಸಬಹುದು. ನಿಗದಿತ ಗಳಿಗೆಗೆ ಮೊದಲು ಯಾರ ದರ ಎಷ್ಟೆಂದು ಇಲಾಖೆಯವರಿಗೂ ತಿಳಿಯುವುದಿಲ್ಲ. ಸಣ್ಣ ಗುತ್ತಿಗೆದಾರನೊಬ್ಬ ಹೆದರಿಕೆಯಿಲ್ಲದೆ ದರ ಹಾಕುವಂತಾದದ್ದೇ ಈ ಸುಧಾರಣೆಯ ಬಹುದೊಡ್ಡ ಗಳಿಕೆ.

ಎಲ್ಲ ಇಲಾಖೆಗಳಿಗೂ ಒಮ್ಮೆಲೇ ಇದನ್ನು ಹೇರಲಿಲ್ಲ. ರಸ್ತೆ ಮತ್ತು ಹೆದ್ದಾರಿ ಇಲಾಖೆ, ಸ್ಥಳೀಯಾಡಳಿತ ಇಂಜಿನಿಯರಿಂಗ್ ಇಲಾಖೆ, ಜಲ ಅಭಿವೃದ್ಧಿ ಮಂಡಳಿ, ಗ್ರಾಮೀಣ ವಿದ್ಯುದೀಕರಣ ಮಂಡಳಿ, ಈ ನಾಲ್ಕರಲ್ಲಿ ಮೊದಲು ರೂಢಿ ಮಾಡಿಸಿ ಬಳಿಕ ಉಳಿದ ಕಡೆಗೆ ವಿಸ್ತರಿಸಿದರು. 2017ರಲ್ಲಿ ಡಿಜಿಟೀಕರಣಕ್ಕೆಂದೇ ವಿಶ್ವಬ್ಯಾಂಕ್ 5.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಕಾಮಗಾರಿ ನಡೆಯುವಲ್ಲಿ ಊರಿನವರೇ ಗುಣಮಟ್ಟ ನೋಡುವ ಏರ್ಪಾಡೂ ಸುಧಾರಣೆಯ ಭಾಗವಾಯಿತು.

ಸಾಲದಾತರ ಇನ್ನೊಂದು ಮುಖವನ್ನೂ ಇದೇ ದೇಶ ಕಂಡಿದೆ. ಭ್ರಷ್ಟಾಚಾರದ ಸಂಚಿನ ಆರೋಪದ ಮೇಲೆ ವಿಶ್ವಬ್ಯಾಂಕ್ 2012ರ ಜೂನ್‌ನಲ್ಲಿ ಪದ್ಮಾ ಸೇತುವೆಯ 120 ಕೋಟಿ ಡಾಲರ್ ಸಾಲವನ್ನು ರದ್ದುಪಡಿಸಿತು. 2017ರಲ್ಲಿ ಕೆನಡಾದ ನ್ಯಾಯಾಲಯ ಈ ಪ್ರಕರಣದಲ್ಲಿ ಅಲ್ಲಿ ವಿಚಾರಣೆಗೊಳಗಾಗಿದ್ದ ಆರೋಪಿಗಳನ್ನು ಖುಲಾಸೆ ಮಾಡಿತು. ಬಾಂಗ್ಲಾದೇಶ ಸ್ವಂತ ಹಣದಿಂದ ಕಟ್ಟಿದ ಸೇತುವೆ 2022ರ ಜೂನ್ 25ರಂದು ಉದ್ಘಾಟನೆಯಾಯಿತು. ಈ ಜಗಳದ ನಡುವೆಯೂ ಸಂಗ್ರಹಣಾ ಸುಧಾರಣೆಗೆ ವಿಶ್ವಬ್ಯಾಂಕ್‌ನ ನೆರವು ನಿಲ್ಲಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ.

ಜಾಲತಾಣದಿಂದ ಬಗೆಹರಿಯದ ತೊಡಕುಗಳೂ ಇವೆ. 2016ರ ತಿದ್ದುಪಡಿಯು ದೇಶದೊಳಗಿನ ಕಾಮಗಾರಿಗಳಲ್ಲಿ ಇಲಾಖೆಯ ಅಂದಾಜಿಗಿಂತ ಶೇ. 10ಕ್ಕೂ ಹೆಚ್ಚು ಅಥವಾ ಕಡಿಮೆ ದರ ಹಾಕಿದ ಬಿಡ್‌ಗಳನ್ನು ತಿರಸ್ಕರಿಸಲು ಹೇಳಿತು. ತೀರಾ ಕಡಿಮೆ ದರಕ್ಕೆ ಕೆಲಸ ಹಿಡಿದು ಹಾಳುಗೆಡಹುವುದನ್ನು ತಡೆಯುವುದು ಇದರ ಉದ್ದೇಶ. ಆದರೆ ಎಲ್ಲರೂ ಸರಿಯಾಗಿ ಶೇ. 10 ಕಡಿಮೆಗೇ ದರ ಹಾಕತೊಡಗಿದರು. ದರ ಸಮವಾದಾಗ ಹಿಂದಿನ ಕಾಮಗಾರಿಗಳ ಲೆಕ್ಕ ನೋಡಿ ಗುತ್ತಿಗೆ ಕೊಡುತ್ತಿದ್ದುದರಿಂದ ದೊಡ್ಡ ಗುತ್ತಿಗೆದಾರರೇ ಮತ್ತೆ ಮತ್ತೆ ಗೆದ್ದರು. ಪೆಟ್ಟಿಗೆಯ ಬಳಿ ನಿಲ್ಲುತ್ತಿದ್ದ ಅಡ್ಡಿ ಹೀಗೆ ನಿಯಮದೊಳಗೇ ಬಂದು ಕೂತಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

2023ರ ಕಾಯ್ದೆಯೊಂದು ಸಿಪಿಟಿಯುವನ್ನು ಬಾಂಗ್ಲಾದೇಶ ಸಾರ್ವಜನಿಕ ಸಂಗ್ರಹಣಾ ಪ್ರಾಧಿಕಾರವನ್ನಾಗಿ ಮಾರ್ಪಡಿಸಿತು. ಶೇ. 10ರ ಮಿತಿಯನ್ನು 2025ರಲ್ಲಿ ಆಗಿನ ಮಧ್ಯಂತರ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ತೆಗೆದುಹಾಕಿ, ಅದೇ ವರ್ಷ ಹೊಸ ಸಂಗ್ರಹಣಾ ನಿಯಮಗಳನ್ನು ಜಾರಿಗೊಳಿಸಿತು.