ಹೆಬ್ಬಾವಿನ ಸುದ್ದಿ, ಹಾವಾಡಿಗನ ಪಾಡು

ಬಾದಾಮಿಯ ಮೊದಲನೆಯ ಗುಹೆಗೆ ಬಂದವರು ಹೊರಗಿನ ನಟರಾಜನನ್ನು ಕಣ್ತುಂಬ ನೋಡುತ್ತಾರೆ. ಒಳಗೆ ಬಂದು ತಲೆಯೆತ್ತಿ ಚಾವಣಿಯನ್ನು ನೋಡುವವರು ಕಡಿಮೆ. ಅಲ್ಲಿ ಸುರುಳಿ ಸುತ್ತಿಕೊಂಡ ನಾಗರಾಜನಿದ್ದಾನೆ. ಮಂಗಳೇಶನ ಶಾಸನದಿಂದ ಕ್ರಿ. ಶ. 578ರದೆಂದು ನಿಶ್ಚಿತವಾಗಿರುವ ಮೂರನೆಯ ಗುಹೆಯಲ್ಲಿ ವಿಷ್ಣುವು ಶೇಷನ ಸುರುಳಿಯ ಮೇಲೆ ನೆಮ್ಮದಿಯಿಂದ ಕುಳಿತಿದ್ದಾನೆ. ಚಾಲುಕ್ಯ ಶಿಲ್ಪಿಯ ಉಳಿಗೆ ಸಿಕ್ಕ ಹಾವು ದೊಡ್ಡದಾಯಿತು, ಭಯಂಕರವಾಗಲಿಲ್ಲ. ಹಾವು ಎಷ್ಟು ಉದ್ದವೋ ಸುದ್ದಿಯೂ ಅಷ್ಟು ಉದ್ದ, ಸುದ್ದಿ ಎಷ್ಟು ಉದ್ದವೋ ಭಯವೂ ಅಷ್ಟು ಉದ್ದ ಎಂಬುದು ಈಚಿನ ಕಾಲದ ರೀತಿ. ಆ ಭಯಕ್ಕೆ ಬೆಲೆ ತೆತ್ತವರು ಯಾರೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕಾಗಿದೆ.

ಕನ್ನಡ ಪಂಡಿತನಾದವನ ಕಣ್ಣು ಮೊದಲು ಶಬ್ದದ ಮೇಲೆ ಬೀಳುತ್ತದೆ. ಪಿರಿದಾದ ಪಾವು ಪೆರ್ಬಾವು. ಅದೇ ಇಂದಿನ ಹೆಬ್ಬಾವು. ಸಂಸ್ಕೃತದ ಅಜಗರವೆಂದರೆ ಆಡನ್ನು ನುಂಗುವಂಥದು. ಎರಡು ಹೆಸರುಗಳಲ್ಲಿಯೂ ಗಾತ್ರವಿದೆ, ಹಸಿವಿದೆ; ವಿಷವಿಲ್ಲ. ಹೆಬ್ಬಾವಿಗೆ ನಿಜವಾಗಿಯೂ ವಿಷವಿಲ್ಲ. ಇನ್ನು ಗಾರುಡಿಗನೆಂಬ ಮಾತು. ಗಾರುಡವೆಂದರೆ ವಿಷವನ್ನು ಇಳಿಸುವ ವಿದ್ಯೆ. ಅದನ್ನು ಬಲ್ಲವನು ಗಾರುಡಿಗ. ಹದಿನಾಲ್ಕನೆಯ ಶತಮಾನದ ಒಂದನೆಯ ಮಂಗರಾಜನು ವಿಷವೈದ್ಯವನ್ನು ಕುರಿತ ತನ್ನ ಕನ್ನಡ ಗ್ರಂಥಕ್ಕೆ ‘ಖಗೇಂದ್ರಮಣಿದರ್ಪಣ’ವೆಂದು ಹೆಸರಿಟ್ಟನು, ಖಗೇಂದ್ರನೆಂದರೆ ಗರುಡನೇ. ಅಂಥ ಘನವಾದ ಮಾತು ಇಂದು ಕಣ್ಕಟ್ಟಿನವನಿಗೆ ಸಲ್ಲುತ್ತಿದೆ. ‘ಪುಂಗಿ ಊದುವುದು’ ಎಂದರೆ ಸುಳ್ಳು ಹೇಳುವುದೆಂದಾಗಿದೆ. ಮಾತು ಹೀಗೆ ಇಳಿದಿದ್ದರೆ, ಆ ಮಾತನ್ನು ಹೊತ್ತ ಜನವೂ ಇಳಿದಿದ್ದಾರೆಂದು ತಿಳಿಯಬೇಕು.

ಈ ಇಳಿತ ಒಂದೇ ದಿನದ್ದಲ್ಲ. ನಮ್ಮ ಸೀಮೆ ಮುಂಬಯಿ ಇಲಾಖೆಗೆ ಸೇರಿ, 1885ರವರೆಗೆ ಕಲಾದಗಿಯೇ ಜಿಲ್ಲೆಯ ಮುಖ್ಯ ಸ್ಥಳವಾಗಿದ್ದ ಕಾಲವನ್ನು ನೆನೆಯಿರಿ. 1872ರಲ್ಲಿ ಜೋಸೆಫ್ ಫೇರರ್ ಎಂಬ ವೈದ್ಯನು ಹಿಂದೂಸ್ಥಾನದ ವಿಷಸರ್ಪಗಳನ್ನು ಕುರಿತು ದೊಡ್ಡ ಸಚಿತ್ರ ಗ್ರಂಥವನ್ನು ಪ್ರಕಟಿಸಿದನು. ಅದು ಶಾಸ್ತ್ರದ ಕೆಲಸ, ಅದನ್ನು ಹೊಗಳಲೇಬೇಕು. ಆದರೆ ಹಾವು ಕಡಿದು ಸತ್ತವರ ಲೆಕ್ಕ ವರುಷವರುಷವೂ ಅಚ್ಚಾಗತೊಡಗಿ, ಕೊಂದ ಹಾವಿಗೆ ಸರಕಾರದ ಇನಾಮು ದೊರೆಯುವಂತಾದ ಮೇಲೆ, ಹಾವನ್ನು ಬಲ್ಲವನಿಗಿಂತ ಹಾವನ್ನು ಕೊಲ್ಲುವವನಿಗೆ ಬೆಲೆ ಬಂದಿತು. ಹೊರದೇಶದ ಪತ್ರಿಕೆಗಳಿಗೆ ಹಾವಾಡಿಗನು ಬರಿಯ ಚಿತ್ರವಾದನು: ರುಮಾಲು, ಬುಟ್ಟಿ, ಪುಂಗಿ.

ನಾನು ಚಿಕ್ಕವನಿದ್ದಾಗ ನಾಗರಪಂಚಮಿಯ ಹೊತ್ತಿಗೆ ಇಳಕಲ್ಲಿನ ಓಣಿಗಳಲ್ಲಿ ಹಾವಾಡಿಗರು ಬರುತ್ತಿದ್ದರು. ಹೆಂಗಸರು ಉಂಡಿಯ ತಟ್ಟೆಯನ್ನು ಕೆಳಗಿಟ್ಟು ಬುಟ್ಟಿಯ ಮುಂದೆ ಹಾಲು ಸುರಿಯುತ್ತಿದ್ದರು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲವೆಂದೂ, ಹಲ್ಲು ಕಿತ್ತು ಉಪವಾಸ ಕೆಡವಿದ ಹಾವುಗಳು ಬಹುಕಾಲ ಬದುಕುವುದಿಲ್ಲವೆಂದೂ ಆಗ ನಮಗೆ ತಿಳಿದಿರಲಿಲ್ಲ. ಹಾವಾಡಿಗನನ್ನು ನಿರ್ದೋಷಿಯೆಂದು ಸಾಧಿಸಲು ನಾನು ಹೊರಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾವುಗಳಿಗೆ ರಕ್ಷಣೆ ಕೊಟ್ಟಿತು; ಹೆಬ್ಬಾವಿಗೆ ಮೊದಲನೆಯ ಅನುಸೂಚಿಯಲ್ಲಿಯೇ ಸ್ಥಾನ ದೊರೆಯಿತು. ಅದು ಆಗಬೇಕಾದದ್ದೇ. ಆದರೆ ಹಾವಿಗೆ ರಕ್ಷಣೆಯಿತ್ತವರು, ಹಾವಿನೊಡನೆ ಬಾಳಿದ ಕುಟುಂಬಗಳಿಗೆ ಬೇರೆ ಅನ್ನದ ದಾರಿ ಯಾವುದೆಂದು ಅಷ್ಟೇ ಅವಸರದಿಂದ ಯೋಚಿಸಲಿಲ್ಲ.

ಅಂಥ ಕುಟುಂಬದ ಮುದುಕರೊಬ್ಬರು ಹುನಗುಂದದಲ್ಲಿ ನನಗೆ ಪರಿಚಿತರು. ಕೆಲವು ವರುಷಗಳ ಹಿಂದೆ ಮಳೆಗಾಲದಲ್ಲಿ ಒಂದು ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು: ಬಾಗಲಕೋಟೆಯ ಹಿನ್ನೀರಿನಲ್ಲಿ ದೈತ್ಯ ಹೆಬ್ಬಾವು, ಮಕ್ಕಳನ್ನು ಹೊರಗೆ ಬಿಡಬೇಡಿ! ಮರುದಿನ ನನ್ನ ತರಗತಿಯಲ್ಲಿ ಹನ್ನೊಂದು ಹುಡುಗರು ಗೈರುಹಾಜರು. ಆ ಸಂಜೆ ಕೆಲವರು ಮುದುಕರ ಮನೆಗೆ ಹೋಗಿ, ಸಾಕಿ ಬಿಟ್ಟವನು ನೀನೇ ಎಂದು ಗದರಿದರು. ಮನೆಯ ಗಡಿಗೆಗಳನ್ನೆಲ್ಲ ಮಗುಚಿ ನೋಡಿದರು. ಎರಡು ದಿನ ಕಳೆಯುವುದರೊಳಗೆ ಒಬ್ಬರ ಹಿತ್ತಲಲ್ಲಿ ಹಾವು ಕಾಣಿಸಿತು. ಅವರೇ ಬಂದು ಕರೆದರು. ಅದು ಬಡಪಾಯಿ ಕೇರೆಹಾವು. “ನಾ ಹಾವು ಬಿಟ್ಟು ನಲವತ್ತು ವರ್ಷ ಆತ್ರಿ ಮಾಸ್ತರ,” ಎಂದರು ಆ ಹಿರಿಯರು. “ಬೈಯಾಕೂ ನನ್ನ ಬಾಗಲಕ್ಕ ಬರ್ತಾರ, ಕರಿಯಾಕೂ ನನ್ನ ಬಾಗಲಕ್ಕ ಬರ್ತಾರ.”

ಆ ಚಿತ್ರ ನಮ್ಮ ಹಿನ್ನೀರಿನದಲ್ಲ. ವಿಚಾರಿಸಿದಾಗ ಅದು ಅಮೆರಿಕದ ಫ್ಲಾರಿಡಾ ಪ್ರಾಂತದ್ದೆಂದು ತಿಳಿಯಿತು. ಅಲ್ಲಿಯ ಕಥೆಯನ್ನೂ ಕೇಳಬೇಕು. ಬರ್ಮಾ ದೇಶದ ಹೆಬ್ಬಾವನ್ನು ಅಲ್ಲಿಯವರು ಸಾಕುವ ಆಸೆಯಿಂದ ತರಿಸಿಕೊಂಡರು. ಬಿಟ್ಟವೋ ತಪ್ಪಿಸಿಕೊಂಡವೋ ಆದ ಹಾವುಗಳು ಎವರ್‌ಗ್ಲೇಡ್ಸ್ ಎಂಬ ಜೌಗುನಾಡಿನಲ್ಲಿ ಬೇರೂರಿ, 2000ದ ಹೊತ್ತಿಗೆ ಸಂತಾನ ಬೆಳೆಸುತ್ತಿವೆಯೆಂದು ಗೊತ್ತಾಯಿತು. ಕೇಡು ಸುಳ್ಳಲ್ಲ: ಅಲ್ಲಿಯ ಸಣ್ಣ ಸಸ್ತನಿಗಳು ಬಹಳಮಟ್ಟಿಗೆ ಅಳಿದುಹೋದುವೆಂದು 2012ರ ಅಧ್ಯಯನವೊಂದು ತೋರಿಸಿತು. ಆದರೆ ಪತ್ರಿಕೆಗಳಿಗೆ ಅಷ್ಟು ಸಾಲಲಿಲ್ಲ. 2008ರಲ್ಲಿ ಸರಕಾರಿ ವಿಜ್ಞಾನಿಗಳು ಹವೆಯ ಹೋಲಿಕೆಯನ್ನು ಹಿಡಿದು ಒಂದು ನಕಾಶೆಯನ್ನು ತಯಾರಿಸಿದರು. ದೇಶದ ದಕ್ಷಿಣದ ಮೂರನೆಯ ಒಂದು ಭಾಗ ಹೆಬ್ಬಾವಿಗೆ ಒಗ್ಗಬಹುದೆಂಬುದು ಅದರ ಸಾರ. ‘ಬಹುದು’ ಎಂಬ ಪ್ರತ್ಯಯ ಸುದ್ದಿಯಲ್ಲಿ ಬಿದ್ದುಹೋಯಿತು; ಹೆಬ್ಬಾವು ದಂಡೆತ್ತಿ ಬರುತ್ತಿದೆಯೆಂದೇ ಆಯಿತು. ಬೇರೆ ವಿಜ್ಞಾನಿಗಳು ಆ ನಕಾಶೆಯನ್ನು ಒಪ್ಪಲಿಲ್ಲ. 2010ರ ಜನವರಿಯ ಚಳಿಯಲ್ಲಿ ಫ್ಲಾರಿಡಾದಲ್ಲಿಯೇ ಹೆಬ್ಬಾವುಗಳು ಬಹಳ ಸತ್ತವು. ಆದರೂ 2012ರಲ್ಲಿ ಬಂದ ನಿಯಮ, ಹಿಮ ಬೀಳುವ ಪ್ರಾಂತಗಳಲ್ಲಿ ಪೆಟ್ಟಿಗೆಯೊಳಗೆ ಹಾವು ಸಾಕಿದವರನ್ನೂ ಒಂದೇ ಕಟ್ಟಿಗೆ ಕಟ್ಟಿತು. ಸಾಕಿದ ಹಾವಿನೊಡನೆ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಮನೆ ಬದಲಿಸುವುದೂ ಅಪರಾಧವಾಯಿತು. 2017ರಲ್ಲಿ ಮೇಲಿನ ನ್ಯಾಯಾಲಯ ಆ ಭಾಗವನ್ನು ತಳ್ಳಿಹಾಕುವವರೆಗೆ ಅವರ ಪಾಡು ನಮ್ಮ ಹುನಗುಂದದ ಹಿರಿಯರ ಪಾಡೇ.

ಅದೇ 2017ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಹೆಬ್ಬಾವನ್ನು ಹುಡುಕಲು ನುರಿತವರು ಬೇಕೆಂದು ಫ್ಲಾರಿಡಾದವರು ತಮಿಳುನಾಡಿನ ಇರುಳರಿಬ್ಬರನ್ನು ಕರೆಸಿಕೊಂಡರು. ಇರುಳರು ಹಿಂದೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಜನ. ಆ ವ್ಯಾಪಾರ ನಿಷಿದ್ಧವಾದ ಮೇಲೆ, 1978ರಲ್ಲಿ ರಾಮ್ಯುಲಸ್ ವಿಟೇಕರರ ನೆರವಿನಿಂದ ತಮ್ಮದೇ ಸಹಕಾರಿ ಸಂಘ ಕಟ್ಟಿಕೊಂಡರು. ಹಾವನ್ನು ಹಿಡಿದು, ವಿಷವನ್ನು ಮಾತ್ರ ತೆಗೆದು, ಮತ್ತೆ ಕಾಡಿಗೆ ಬಿಡುವುದು ಅವರ ಕಸುಬು. ಆ ವಿಷದಿಂದಲೇ ಹಾವುಕಡಿತದ ಔಷಧ ತಯಾರಾಗುತ್ತದೆ. ಕಾಯಿದೆಯೂ ಉಳಿಯಿತು, ವಿದ್ಯೆಯೂ ಉಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ನಮ್ಮ ಕಡೆಯ ಹಾವಾಡಿಗರಿಗೂ ಇಂಥ ದಾರಿಯೊಂದನ್ನು ತೆರೆಯಬಹುದಾಗಿತ್ತು.

ಹೆಬ್ಬಾವಿನ ಗದ್ದಲದಲ್ಲಿ ನಿಜವಾದ ಸಾವು ಮರೆಯಾಗುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವುಕಡಿತದಿಂದ ವರುಷಕ್ಕೆ ಸರಾಸರಿ 58,000 ಜನ ಸತ್ತರೆಂದು ಒಂದು ಅಧ್ಯಯನ ಅಂದಾಜು ಮಾಡಿದೆ. ಕೊಂದದ್ದು ಹೆಬ್ಬಾವಲ್ಲ; ಹೊಲದ ಬದುವಿನಲ್ಲಿ, ಬಣವೆಯ ಬುಡದಲ್ಲಿ ಇರುವ ವಿಷದ ಹಾವುಗಳು. 2024ರಲ್ಲಿ ಕರ್ನಾಟಕ ಸರಕಾರ ಪ್ರತಿಯೊಂದು ಹಾವುಕಡಿತವೂ ವರದಿಯಾಗಬೇಕೆಂದು ವಿಧಿಸಿದ್ದು ಸ್ತುತ್ಯವಾದ ಕೆಲಸ. ವರದಿಯೆಂದರೆ ಅದು, ಹಿನ್ನೀರಿನ ಚಿತ್ರವಲ್ಲ.

ಮಹಾಭಾರತದಲ್ಲಿ ಅಜಗರನಾಗಿದ್ದ ನಹುಷನು ಭೀಮನನ್ನು ಸುತ್ತಿ ಹಿಡಿದಾಗ ಭೀಮನ ಬಲ ನಡೆಯಲಿಲ್ಲ. ಧರ್ಮರಾಯನು ಬಂದು, ನೀನು ಯಾರೆಂದು ಮೊದಲು ಕೇಳಿದನು, ಅದು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದನು, ತಮ್ಮನನ್ನು ಬಿಡಿಸಿಕೊಂಡನು. ಹೆಬ್ಬಾವಿನ ಸುದ್ದಿ ಬಂದಾಗ ನಾವೂ ಕೇಳಬೇಕಾದದ್ದು ಅಷ್ಟೇ: ಯಾವ ಹಾವು, ಎಲ್ಲಿಯದು, ಕಂಡವರು ಯಾರು?

ಆ ಹಿರಿಯರನ್ನು ಒಂದು ದಿನ ನಮ್ಮ ಶಾಲೆಗೆ ಕರೆಸಿದೆನು. ಬರಿಗೈಯಲ್ಲಿ ಬಂದರು. ಸೀಮೆಸುಣ್ಣ ಹಿಡಿದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕನ್ನು ಹಲಗೆಯ ಮೇಲೆ ಬರೆದು, ಯಾವುದರ ಮೈಮೇಲೆ ಯಾವ ಗುರುತೆಂದು ತೋರಿಸಿದರು. ಕಡಿದರೆ ಮಂತ್ರದವನ ಹತ್ತಿರ ಹೋಗಬೇಡಿ, ದವಾಖಾನೆಗೆ ಹೋಗಿ ಎಂದರು. ಅಂದು ಹನ್ನೊಂದು ಹುಡುಗರೂ ಹಾಜರಿದ್ದರು.